ಕರಿ ಗದ್ದೆಯ ಹುಳಿ

ಅಂಬಲಪ್ಪುಳದ ಶ್ರೀಕೃಷ್ಣ ದೇವಾಲಯದ ಹಾಲುಪಾಯಸಕ್ಕೆ ಒಂದು ಕಥೆಯಿದೆ. ವೇಷ ಮರೆಸಿಕೊಂಡು ಬಂದ ಕೃಷ್ಣ ಚದುರಂಗದಲ್ಲಿ ರಾಜನನ್ನು ಸೋಲಿಸಿದನಂತೆ. ಪಣವೇನು? ಹಲಗೆಯ ಮೊದಲ ಮನೆಗೆ ಒಂದು ಅಕ್ಕಿಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು... 64 ಮನೆ ತುಂಬುವಷ್ಟು ಅಕ್ಕಿ ಯಾವ ಕಣಜದಲ್ಲಿದ್ದೀತು? ಆ ಸಾಲ ತೀರಿಸಲು ಇಂದಿಗೂ ಭಕ್ತರಿಗೆ ಪಾಯಸ ಹಂಚುತ್ತಾರೆ. ಗುಡಿಯಿಂದ ಪೂರ್ವಕ್ಕೆ ಕರುಮಾಡಿ, ತಕಳಿಯ ಕಡೆ ನಡೆದರೆ ಸಾಲ ತೀರದಿರಲು ಇನ್ನೊಂದು ಕಾರಣ ಗದ್ದೆಯಲ್ಲೇ ಸಿಗುತ್ತದೆ.

ಇದು ಕೇರಳದ ಕುಟ್ಟನಾಡು. ಪಂಪಾ, ಅಚ್ಚನ್‌ಕೋವಿಲ್, ಮಣಿಮಲ, ಮೀನಚಿಲ್ ನದಿಗಳು ವೇಂಬನಾಡ್ ಹಿನ್ನೀರಿಗೆ ಸೇರುವ ತಗ್ಗು. ಗದ್ದೆಗಳು ಸಮುದ್ರ ಮಟ್ಟಕ್ಕಿಂತ ಒಂದೆರಡು ಮೀಟರ್ ಕೆಳಗಿವೆ. ಕಾಲುವೆಯಲ್ಲಿ ಹೋಗುವ ದೋಣಿ ಪೈರಿಗಿಂತ ಎತ್ತರದಲ್ಲಿ ತೇಲುತ್ತದೆ! ಕುಮಟೆಯ ಗಜನಿ ಕಂಡವರಿಗೆ ಒಡ್ಡು, ತೂಬು, ಉಪ್ಪುನೀರಿನ ಕಾಟ ಹೊಸದಲ್ಲ. ಆದರೆ ತಕಳಿ, ಪುರಕ್ಕಾಡ್ ಸುತ್ತಿನ ಹೊಲಗಳ ಸಮಸ್ಯೆಯೇ ಬೇರೆ.

ಇಲ್ಲಿನ ಮಣ್ಣಿಗೆ 'ಕರಿ' ಎಂದು ಹೆಸರು. ಮಲಯಾಳಂನಲ್ಲಿ ಹಾಗೆಂದರೆ ಇದ್ದಿಲು. ಮಣ್ಣು ನಿಜಕ್ಕೂ ಇದ್ದಿಲಿನಂತೆಯೇ ಕಪ್ಪು. ಅಗೆದರೆ ಯಾವುದೋ ಕಾಲದಲ್ಲಿ ಹೂತುಹೋದ ಕಾಡಿನ ಮರದ ದಿಮ್ಮಿಗಳು ಸಿಗುತ್ತವೆ. ಕಾಡು ಕೊಳೆತ ಕೆಸರಿಗೆ ಸಮುದ್ರದ ನೀರು ತಂದ ಗಂಧಕ ಕಬ್ಬಿಣದೊಡನೆ ಕೂಡಿ ಪೈರೈಟ್ ಎಂಬ ಖನಿಜವಾಗಿ ಕುಳಿತಿದೆ. ನೀರಿನಡಿ ಇರುವಷ್ಟು ದಿನ ಅದು ಸಾಧು. ನೀರು ಇಳಿದು ಗಾಳಿ ತಾಗಿತೋ, ಗಂಧಕಾಮ್ಲವಾಗುತ್ತದೆ. ಮಣ್ಣಿನ ಪಿಎಚ್ ಮೂರೂವರೆಗೂ ಕೆಳಗೆ ಇಳಿಯುವುದುಂಟು. 7 ಇದ್ದರೆ ಹುಳಿಯೂ ಅಲ್ಲ, ಕ್ಷಾರವೂ ಅಲ್ಲ. ಅಷ್ಟು ಹುಳಿಯಲ್ಲಿ ಜೇಡಿಯೊಳಗಿನ ಅಲ್ಯೂಮಿನಿಯಂ ಕರಗಿ ಬೇರಿನ ತುದಿಯನ್ನೇ ಮೊಟಕು ಮಾಡುತ್ತದೆ.

ಹಾಗಾದರೆ ನೀರು ನಿಲ್ಲಿಸಿದರಾಯಿತಲ್ಲ? ಅಲ್ಲೇ ಇರುವುದು ತೊಡಕು. ನೀರು ನಿಂತಾಗ ಹುಳಿ ಮೆಲ್ಲಗೆ ಇಳಿಯುತ್ತದೆ, ಆದರೆ ಗಾಳಿಯಿಲ್ಲದ ಕೆಸರಿನಲ್ಲಿ ಕಬ್ಬಿಣ ಕರಗತೊಡಗುತ್ತದೆ. ನೀರಿನ ಮೇಲೆ ಎಣ್ಣೆಯಂತೆ ಮಿನುಗುವ ತುಕ್ಕುಬಣ್ಣದ ಪೊರೆ ಕಟ್ಟಿದರೆ ಅದರ ಗುರುತು. ಭತ್ತದ ಬೇರು ತಾನೇ ಒಂದಿಷ್ಟು ಆಮ್ಲಜನಕ ಹೊರಬಿಟ್ಟು ಕಬ್ಬಿಣವನ್ನು ಹೊರಗೇ ತಡೆಯಲು ಹೆಣಗುತ್ತದೆ. ಬೇರಿನ ಮೈಮೇಲೆ ಕೆಂಪು ಕವಚ ಕೂರುವುದು ಅದರಿಂದಲೇ. ಪೊಟ್ಯಾಷ್, ಸುಣ್ಣದಂಶ, ರಂಜಕ ಸಾಲದ ಸಸಿಗೆ ಈ ಶಕ್ತಿ ಕಡಿಮೆ. ಆಗ ಕಬ್ಬಿಣ ಒಳನುಗ್ಗಿ, ಕೆಳಗಿನ ಎಲೆಗಳ ತುದಿಯಿಂದ ಕಂದು ಚುಕ್ಕೆ ಹಬ್ಬಿ ಎಲೆಯೆಲ್ಲ ಕಂಚಿನ ಬಣ್ಣಕ್ಕೆ ತಿರುಗುತ್ತದೆ. ಇದು ಹುಳವಲ್ಲ, ಶಿಲೀಂಧ್ರವೂ ಅಲ್ಲ. ಔಷಧಿ ಹೊಡೆದರೆ ದುಡ್ಡು ದಂಡ. ಹೊಟ್ಟೆಗಿಲ್ಲದೆ ಸೊರಗಿದ ಪೈರಿಗೆ ರಂಜಕ ಕೊಡೋಣವೆಂದರೆ ಅದನ್ನೂ ಕಬ್ಬಿಣ, ಅಲ್ಯೂಮಿನಿಯಂಗಳು ಹಿಡಿದು ಕಟ್ಟಿಹಾಕುತ್ತವೆ. ಉಣ್ಣುವ ಬಾಯಿಗೂ ತಟ್ಟೆಗೂ ನಡುವೆ ಯಾರೋ ಕೈ ಅಡ್ಡ ಹಿಡಿದಂತೆ.

ಮದ್ದು ಸುಣ್ಣ. ಕೇರಳದ ಕೃಷಿ ಶಿಫಾರಸಿನ ಪ್ರಕಾರ ಹೆಕ್ಟೇರಿಗೆ 600 ಕಿಲೋ: ಮೊದಲ ಉಳುಮೆಗೆ 350, ತಿಂಗಳ ಬಳಿಕ 250. ವೇಂಬನಾಡಿನ ತಳದಿಂದಲೇ ಎತ್ತುವ ಕಪ್ಪೆಚಿಪ್ಪನ್ನು ಸುಟ್ಟು ಮಾಡಿದ ಸುಣ್ಣ ಇಲ್ಲಿ ಬಳಕೆಯಲ್ಲಿದೆ. ಸುಣ್ಣ ಹಾಕಿ, ನೀರು ಬದಲಿಸಿ ಹುಳಿಯನ್ನು ತೊಳೆದು ಹಾಕಬೇಕು. ಆದರೆ ತೊಳೆದ ನೀರನ್ನು ಹೊರಹಾಕಲು ಒಬ್ಬ ರೈತನಿಂದಾಗದು. ಒಂದೇ ಒಡ್ಡಿನೊಳಗಿನ ಗದ್ದೆಗಳೆಲ್ಲ ಸೇರಿದ 'ಪಾಡಶೇಖರ'ಕ್ಕೆ ಒಂದೇ ಪಂಪಿನ ಏರ್ಪಾಡು. 'ಪೆಟ್ಟಿ–ಪರ' ಎಂಬ ಮರದ ಪೆಟ್ಟಿಗೆಯ ಆ ಪಂಪು ಗುಡುಗಿದರೆ ಎಲ್ಲರಿಗೂ ನೀರು ಇಳಿಯುತ್ತದೆ, ನಿಂತರೆ ಎಲ್ಲರಿಗೂ ನಿಲ್ಲುತ್ತದೆ.

ಜ್ಞಾನಪೀಠ ಪುರಸ್ಕೃತ ಶಿವಶಂಕರ ಪಿಳ್ಳೆ ಹುಟ್ಟಿದ್ದು ಈ ತಕಳಿಯಲ್ಲೇ. 1948ರ ಅವರ 'ರಂಡಿಡಂಗಳಿ' ಕಾದಂಬರಿ ಕುಟ್ಟನಾಡಿನ ಕೂಲಿಯಾಳುಗಳ ಬದುಕಿನದು. ಹೆಸರಿನಲ್ಲೇ ಭತ್ತದ ಅಳತೆಯಿದೆ. ಅವರ ಮನೆ ಈಗ ಸ್ಮಾರಕ. ನೋಡಬಂದವರು ಅಂಗಳದಾಚೆಯ ಮಣ್ಣನ್ನೂ ಒಮ್ಮೆ ನೋಡಿಕೊಂಡು ಹೋಗುವುದು ಒಳ್ಳೆಯದು.

ಹಿಂದೆ ಕೊಯ್ಲು ಮುಗಿದ ಗದ್ದೆಗಳಿಗೆ ಸಮುದ್ರದ ಭರತ ಏರಿ ಇಳಿದು ಹುಳಿಯನ್ನು ಒಂದಿಷ್ಟು ತೊಳೆಯುತ್ತಿತ್ತು. ಉಪ್ಪುನೀರು ತಡೆಯಲು ಕಟ್ಟಿದ ತಣ್ಣೀರ್‌ಮುಕ್ಕಂ ಒಡ್ಡು 1976ರಲ್ಲಿ ಬಳಕೆಗೆ ಬಂದ ಮೇಲೆ ಪೈರು ಉಳಿಯಿತು, ಆದರೆ ಆ ತೊಳೆತ ತಗ್ಗಿತು. ಡಿಸೆಂಬರ್ ನಡುವಿನಲ್ಲಿ ಮುಚ್ಚಿ ಮಾರ್ಚ್ ನಡುವಿನಲ್ಲಿ ತೆರೆಯಬೇಕೆಂಬುದು ಲೆಕ್ಕ. ಕೊಯ್ಲು ತಡವಾದರೆ ಬಾಗಿಲು ತೆರೆಯುವುದೂ ತಡ. ಬೇಗ ತೆರೆಯಿರಿ ಎಂದು ಮೀನುಗಾರ, ಇನ್ನೆರಡು ವಾರ ತಾಳಿ ಎಂದು ರೈತ... ಇಬ್ಬರದೂ ಹೊಟ್ಟೆಪಾಡು.

ಕೊಯ್ಲಾದ ಗದ್ದೆಗೆ ಉದುರಿದ ಕಾಳು ಹೆಕ್ಕಲು ಬಾತುಗಳ ಹಿಂಡು ಇಳಿಯುತ್ತದೆ. ಆಮೇಲೆ ನೀರು ಬಿಡದೆ ಬೇಸಿಗೆಗೆ ಒಣಗಲು ಬಿಟ್ಟರೆ ಕಪ್ಪು ಮಣ್ಣು ಬಿರುಕು ಬಿಡುತ್ತದೆ, ಬಿರುಕಿನಲ್ಲಿ ಒಣಹುಲ್ಲಿನ ಬಣ್ಣದ ಹಳದಿ ಮಚ್ಚೆ ಮೂಡುತ್ತದೆ. ಮೊದಲ ಮಳೆಗೆ ಆ ಹುಳಿಯೆಲ್ಲ ಕಾಲುವೆಗೆ ಇಳಿಯುತ್ತದೆ.