ಜೀಪಿನ ಕೆಳಗಿನ ಹಾಳೆ

ಸಂಸಾರಸ್ಥನಿಗೆ ಸೋರುವ ವಸ್ತುಗಳು ಹೊಸವಲ್ಲ. ಮಳೆಗಾಲದಲ್ಲಿ ಮಾಡು ಸೋರುತ್ತದೆ. ಬೇಸಗೆಯಲ್ಲಿ ನಲ್ಲಿ ಸೋರುತ್ತದೆ. ಸಂಬಳವಂತೂ ತಿಂಗಳ ಹದಿನೈದರೊಳಗೆ ಸೋರಿಹೋಗಿರುತ್ತದೆ. ಇವೆಲ್ಲವನ್ನೂ ಸಹಿಸಿಕೊಂಡು ಬಂದಿದ್ದ ನನ್ನನ್ನು ಕಳೆದ ವರ್ಷ ಕಂಗೆಡಿಸಿದ್ದು ನನ್ನ ಜೀಪು.

ಪುತ್ತೂರಿನ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನಿಗೆ ಜೀಪೇಕೆ ಎಂದು ವಾಚಕರು ಕೇಳಬಹುದು. ಅಮ್ಮ ಇರುವುದು ಕಡಬದ ಆಚೆ, ಅಡಕೆ ತೋಟದ ನಡುವಿನ ಮನೆಯಲ್ಲಿ. ಡಾಮರು ರಸ್ತೆ ಮುಗಿದ ಮೇಲೆ ಅಂಗಳದವರೆಗೆ ಮಣ್ಣಿನ ಕಡಿದಾದ ಇಳಿಜಾರು. ನಮ್ಮ ಸೀಮೆಯಲ್ಲಿ ಜೀಪೆಂದರೆ ಷೋಕಿಯಲ್ಲ. ಗೊಬ್ಬರ, ಅಡಕೆ ಮೂಟೆ, ಬಾಣಂತಿ, ರೋಗಿ, ಮದುವೆಯ ದಿಬ್ಬಣ ಎಲ್ಲವನ್ನೂ ಹೊತ್ತು ತಂದದ್ದು ಅದೇ.

ನನ್ನದು ಕೈಬದಲಾಗಿ ಬಂದ ಹಳೆಯ ಜೀಪು. ಹಿಂದಿನ ಯಜಮಾನರು ಅದಕ್ಕೆ ಅಗಲದ ಟಯರು, ಪವರ್ ಸ್ಟೇರಿಂಗು, ನಾಲ್ಕು ಗೇರಿನ ಬದಲಿಗೆ ಐದು ಗೇರಿನ ಪೆಟ್ಟಿಗೆ ಎಲ್ಲವನ್ನೂ ಕೂಡಿಸಿದ್ದರು. ತಯಾರಕರು ಕೊಟ್ಟ ವಿವರಕ್ಕಿಂತ ಗಾಡಿ ಭಿನ್ನವಾಗುವಂತೆ ಬದಲಾಯಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಒಪ್ಪುವುದಿಲ್ಲವೆಂಬುದನ್ನು ನಾನು ಓದಿದ್ದು ಹಣ ಕೊಟ್ಟ ಮೇಲೆ. ಮೂಲ ಯಾವುದು, ಪ್ರಕ್ಷಿಪ್ತ ಯಾವುದು ಎಂದು ತಿಳಿಯದಂತಿದ್ದ ಆ ಜೀಪು ನನಗೆ ಹಳೆಯ ತಾಳೆಗರಿಯ ಪ್ರತಿಯಂತೆ ಪ್ರಿಯವಾಗಿತ್ತು.

ವಿಚಿತ್ರವೆಂದರೆ ಅದು ಸೋರುತ್ತಿದ್ದುದು ಅಮ್ಮನ ಅಂಗಳದಲ್ಲಿ ಮಾತ್ರ. ಪುತ್ತೂರಿನಲ್ಲಿ ಅದರಡಿಗೆ ಭಾನುವಾರದ ಪುರವಣಿಯನ್ನೇ ಹಾಸಿ ನಾಲ್ಕು ರಾತ್ರಿ ಕಾದೆ. ಇಂಜಿನಿನ ಹಳೆಯ ಪರಿಚಯದ ಕಪ್ಪು ಬೊಟ್ಟಿನ ಹೊರತು ಏನೂ ಇಲ್ಲ. ಕಡಬಕ್ಕೆ ಹೋಗಿ ನಿಲ್ಲಿಸಿದರೆ, ಗೇರು ಪೆಟ್ಟಿಗೆಯ ಕೆಳಗೆ ಅಂಗೈಯಗಲ ಒದ್ದೆ.

ಸಲಹೆಗಳಿಗೆ ಬರವಿರಲಿಲ್ಲ. ಕಪ್ಪಾದರೆ ಇಂಜಿನಿನದು, ಕೆಂಪಾದರೆ ಪವರ್ ಸ್ಟೇರಿಂಗಿನದು, ದಪ್ಪಗಿದ್ದು ಗಂಧಕದಂತೆ ನಾತ ಬಂದರೆ ಗೇರಿನದು, ಹಸುರಾಗಿ ಸಿಹಿಯಾಗಿ ಕಮ್ಮಗಿದ್ದರೆ ರೇಡಿಯೇಟರಿನದು ಎಂದು ಸಹೋದ್ಯೋಗಿಗಳು ನವರಸಗಳಂತೆ ಲಕ್ಷಣ ಹೇಳಿಕೊಟ್ಟರು. ಆದರೆ ಜೀಪಿನ ಹೊಟ್ಟೆಯ ಕೆಳಗೆ ಧೂಳು, ಗ್ರೀಸು ಸೇರಿ ಎಲ್ಲ ರಸವೂ ಒಂದೇ ಕಪ್ಪು. ಗೇರು ಪೆಟ್ಟಿಗೆಯ ಕೆಳಗೆ ಬಿದ್ದದ್ದು ಗೇರಿನ ಎಣ್ಣೆಯೇ ಎಂದು ನಾನು ತೀರ್ಮಾನಿಸಿದೆ. ದುಡ್ಡು ಕೊಟ್ಟು ಆಯಿಲ್ ಸೀಲು ಬದಲಿಸಿದೆ. ತೆಗೆದ ಸೀಲು ಚೆನ್ನಾಗಿಯೇ ಇತ್ತು. ಸೋರುವುದೂ ಚೆನ್ನಾಗಿಯೇ ಮುಂದುವರಿಯಿತು. ಬ್ರೇಕಿನ ಪೆಡಲು ಮೊದಲಿಗಿಂತ ತುಸು ಆಳಕ್ಕೆ ಇಳಿಯುತ್ತಿದೆಯಲ್ಲ ಎಂದು ಒಂದೆರಡು ಸಲ ಅನ್ನಿಸಿತ್ತು. ಹಳೆಯ ಜೀಪು, ಹಾಗೆಯೇ ಇರುತ್ತದೆ ಎಂದುಕೊಂಡೆ.

ನವೆಂಬರಿನ ಒಂದು ಶನಿವಾರ ಸಂಜೆ ಮನೆಗೆ ಹೋಗಿದ್ದೆ. ಮರುದಿನ ಅಮ್ಮನನ್ನೂ ತಂಗಿಯ ಇಬ್ಬರು ಮಕ್ಕಳನ್ನೂ ಕೂರಿಸಿಕೊಂಡು ಸುಬ್ರಹ್ಮಣ್ಯದ ಮೇಲಿಂದ ಬಿಸಿಲೆ ಘಾಟಿ ಹತ್ತಿ ನಂಟರ ಮನೆಗೆ ಹೋಗಿ ಬರುವುದೆಂದು ಮಾತಾಗಿತ್ತು. ಸೆಗಣಿ ಸಾರಿಸಿದ ಅಂಗಳ ಹಾಳಾಗದಿರಲೆಂದು ಅಮ್ಮ ಜೀಪಿನಡಿಗೆ ಒಂದು ಅಡಕೆ ಹಾಳೆ ಸರಿಸಿದ್ದಳು. ಬೆಳಗ್ಗೆ ಅದನ್ನು ತೊಳೆಯಲು ಹೋದವಳು ನನ್ನನ್ನು ಕರೆದಳು.

“ಮಾಣಿ, ಇದು ಎಣ್ಣೆ ಅಲ್ಲ.”

ಚೊಂಬಿನ ನೀರನ್ನು ಹಾಳೆಗೆ ಹೊಯ್ದು ತೋರಿಸಿದಳು. ಒಂದು ಮೂಲೆಯ ಕಪ್ಪು ಬೊಟ್ಟು ನೀರಿನ ಮೇಲೆ ಬಣ್ಣಬಣ್ಣವಾಗಿ ತೇಲಿತು. ನಡುವಿನ ತಿಳಿಹಳದಿ ಒದ್ದೆ ಮಾತ್ರ ನೀರಿನೊಡನೆ ಸೇರಿ ಗುರುತಿಲ್ಲದೆ ಹೋಯಿತು. “ಎಣ್ಣೆಯಾದರೆ ಹೀಗೆ ನೀರಿನಲ್ಲಿ ಕೂಡುತ್ತದಾ?”

“ಬೀಳುವುದು ಗೇರು ಪೆಟ್ಟಿಗೆಯ ಕೆಳಗೇ ಅಲ್ಲವೇ ಅಮ್ಮಾ?” ಎಂದೆ.

“ಜಗಲಿಯಲ್ಲಿ ನೀರು ತೊಟ್ಟಿಕ್ಕಿದರೆ ಜಗಲಿಯ ಮೇಲಿನ ಹೆಂಚೇ ಒಡೆದದ್ದು ಅಂತಲಾ? ಒಡೆದದ್ದು ಎಲ್ಲೋ ಮೇಲೆ. ಪಕ್ಕಾಸು ಹಿಡಿದು ಇಳಿದು ಬಂದು ಇಲ್ಲಿ ಬೀಳುವುದು.”

1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದಂದಿನಿಂದ ನಮ್ಮ ಜಿಲ್ಲೆಯ ಹೆಂಗಸರು ಕಲಿತಿರುವ ಶಾಸ್ತ್ರ ಅದು. ಎಂ.ಎ. ತರಗತಿಯಲ್ಲಿ ನನಗೆ ಅದನ್ನು ಯಾರೂ ಕಲಿಸಲಿಲ್ಲ.

ಬಾನೆಟ್ಟು ಎತ್ತಿ ನೋಡಿದೆ. ಬ್ರೇಕ್ ಆಯಿಲಿನ ಡಬ್ಬಿಯಲ್ಲಿ ಮಟ್ಟ ಕೆಳಗಿನ ಗೆರೆಯನ್ನೂ ದಾಟಿ ಇಳಿದಿತ್ತು. ನಾವು ಬ್ರೇಕ್ ಆಯಿಲ್ ಎನ್ನುವುದು ಹೆಸರಿಗೆ ಮಾತ್ರ ಆಯಿಲು. ಡಾಟ್ 3, ಡಾಟ್ 4 ಎಂದು ಬರೆದ ಡಬ್ಬಿಗಳಲ್ಲಿ ಬರುವುದು ಗ್ಲೈಕಾಲ್ ಜಾತಿಯ ದ್ರವ, ನೀರಿನೊಡನೆ ಬೆರೆಯುತ್ತದೆ. ಹೆಸರನ್ನು ನಂಬಿ ಮೋಸಹೋದವನು, ನೋಡಿ, ಭಾಷೆಯ ಅಧ್ಯಾಪಕ!

ಸುಳ್ಯದ ಪರಿಚಿತ ಮೇಸ್ತ್ರಿಗೆ ಫೋನು ಮಾಡಿದೆ. “ಜೀಪು ಅಲುಗಿಸಬೇಡಿ ಮಾಷ್ಟ್ರೇ, ನಾನೇ ಬರ್ತೇನೆ” ಎಂದವರು ಬೈಕಿನಲ್ಲಿ ಬಂದು ಜೀಪಿನಡಿಗೆ ನುಸುಳಿ, ನನಗೆ ಪೆಡಲು ಒತ್ತಲು ಹೇಳಿದರು. ಒತ್ತಿದಾಗ ಮಾತ್ರ, ಚಾಸಿಯ ಪಕ್ಕದ ಸಣ್ಣ ಕೊಳವೆಯಿಂದ ಕೂದಲೆಳೆಯಂಥ ಧಾರೆ ಹೊರಟಿತು. ಐದು ಗೇರಿನ ಪೆಟ್ಟಿಗೆಗೆ ಜಾಗ ಮಾಡಲು ಆ ಕೊಳವೆಯನ್ನು ಯಾರೋ ಬದಿಗೆ ಸರಿಸಿದ್ದರು. ಹಿಡಿದಿಡುವ ಕ್ಲಿಪ್ಪನ್ನು ಮತ್ತೆ ಹಾಕಿರಲಿಲ್ಲ. ಕಬ್ಬಿಣಕ್ಕೆ ಕಬ್ಬಿಣ ತಿಕ್ಕಿ ಕೊಳವೆ ಸವೆದಿತ್ತು. ದ್ರವ ಹರಿದ ದಾರಿಯುದ್ದಕ್ಕೂ ಚಾಸಿಯ ಬಣ್ಣ ಸುಲಿದು ನಿಂತಿತ್ತು. ಬ್ರೇಕಿನ ದ್ರವ ಬಣ್ಣವನ್ನು ತಿನ್ನುತ್ತದೆ. ಅಷ್ಟು ಸ್ಪಷ್ಟವಾಗಿ ಬರೆದಿಟ್ಟದ್ದನ್ನೂ ನಾನು ಓದಿರಲಿಲ್ಲ.

ಪುತ್ತೂರಿನ ಸಮತಟ್ಟಿನಲ್ಲಿ ಬ್ರೇಕಿಗೆ ಕೆಲಸ ಕಡಿಮೆ. ಅಮ್ಮನ ಮನೆಯ ಇಳಿಜಾರಿನಲ್ಲಿ ಉದ್ದಕ್ಕೂ ಕಾಲು ಊರಿ ಇಳಿಯಬೇಕು. ಆಗ ಚಿಮ್ಮಿದ್ದು ಚಾಸಿ ಹಿಡಿದು ಹರಿದು ಪೆಟ್ಟಿಗೆಯ ಕೆಳಗೆ ತೊಟ್ಟಿಕ್ಕುತ್ತಿತ್ತು. “ದ್ರವ ಕುಗ್ಗುವುದಿಲ್ಲ, ಅದಕ್ಕೇ ಬ್ರೇಕ್ ಹಿಡಿಯುವುದು. ಒಳಗೆ ಗಾಳಿ ಹೊಕ್ಕರೆ ಅದು ಕುಗ್ಗುತ್ತದೆ, ಪೆಡಲು ನೆಲಕ್ಕೆ ಹೋಗುತ್ತದೆ. ಇದರಲ್ಲಿ ನಾಲ್ಕು ಚಕ್ರಕ್ಕೂ ಒಂದೇ ಸಾಲು. ಕೊಳವೆ ಒಡೆದರೆ ನಾಲ್ಕೂ ಹೋಯಿತು” ಎಂದು ಮೇಸ್ತ್ರಿ ಕೈ ಒರೆಸಿಕೊಂಡರು. “ಬಿಸಿಲೆ ಘಾಟಿಗೆ ಹೊರಟಿದ್ದಿರಾ?”

ನಾನು ಮಾತಾಡಲಿಲ್ಲ. ಮಕ್ಕಳು ಆಗಲೇ ಹೊಸ ಅಂಗಿ ತೊಟ್ಟು ಹಿಂದಿನ ಸೀಟಿನಲ್ಲಿ ಕುಳಿತಿದ್ದವು. ಅಮ್ಮ ಅವರನ್ನು ಒಬ್ಬೊಬ್ಬರಾಗಿ ಇಳಿಸಿಕೊಂಡು, “ಇಂದು ಹೋಗುವುದು ಬೇಡ, ಕಡುಬು ಮಾಡುತ್ತೇನೆ” ಎಂದು ಒಳಗೆ ಹೋದಳು. ಆ ದಿನ ನನಗೆ ಕಡುಬು ಗಂಟಲಲ್ಲಿ ಇಳಿಯಲಿಲ್ಲ.

ಹೊಸ ಕೊಳವೆ ಬಂತು, ಕ್ಲಿಪ್ಪುಗಳು ಬಂದವು, ಒಳಗಿನ ಗಾಳಿಯನ್ನು ಹೊರಡಿಸಿದ್ದಾಯಿತು. ಎರಡು ವಾರದ ಮೇಲೆ ಬಿಸಿಲೆಗೂ ಹೋಗಿ ಬಂದೆವು. ಈಗಲೂ ಜೀಪು ಅಂಗಳಕ್ಕೆ ಇಳಿದ ಕೂಡಲೇ ಅಮ್ಮ ಒಂದು ಹಾಳೆ ತಂದು ಅಡಿಗೆ ಸರಿಸುತ್ತಾಳೆ. ಪುತ್ತೂರಿನಲ್ಲಿ ನಾನು ಪುರವಣಿಯ ಹಾಳೆಯನ್ನೇ ಹಾಸುತ್ತೇನೆ. ಸಂಪಾದಕರು ಕ್ಷಮಿಸಬೇಕು, ಓದಿ ಮುಗಿಸಿದ ಮೇಲೆಯೇ.