ಹಡಗು ಬಂದರೆ ಸುದ್ದಿ

ಬೇಸಿಗೆ ರಜೆಗೆ ಮೊಮ್ಮಕ್ಕಳೆಲ್ಲ ಚನ್ನರಾಯಪಟ್ಟಣದ ನಮ್ಮ ಮನೆಯಲ್ಲಿ ಸೇರಿದರೆಂದರೆ ಹಜಾರ ಸಂತೆಯಾಗಿಬಿಡುತ್ತದೆ. ಈ ಸಲ ದೊಡ್ಡ ಮೊಮ್ಮಗ ಬೆಂಗಳೂರಿನಿಂದ ಹೊಸ ಆಟವೊಂದನ್ನು ತಂದಿದ್ದ. ಹೆಸರು 'ಟ್ರಾವೆಲರ್'. ಅಮೆರಿಕದ ಮಾರ್ಕ್ ಮಿಲ್ಲರ್ ಎಂಬವರು 1977ರಲ್ಲಿ ಹೊರತಂದದ್ದಂತೆ.

ಚೌಕಾಬಾರದ ಹಾಗೆ ಮನೆ ಬರೆಯುವುದಿಲ್ಲ, ಕಾಯಿ ನಡೆಸುವುದಿಲ್ಲ. ರೆಫರಿಯಾದವನು ಕಥೆ ಹೇಳುತ್ತಾನೆ. ಉಳಿದವರು ಆ ಕಥೆಯೊಳಗಿನ ಒಬ್ಬೊಬ್ಬ ಮನುಷ್ಯರಾಗಿ 'ನಾನು ಹೀಗೆ ಮಾಡುತ್ತೇನೆ' ಎನ್ನಬೇಕು. ಆಯಿತೋ ಇಲ್ಲವೋ ಎಂಬುದನ್ನು ಎರಡು ದಾಳ ತೀರ್ಮಾನಿಸುತ್ತವೆ. ಕಥೆ ನಡೆಯುವುದು ಬಹಳ ಮುಂದಿನ ಕಾಲದಲ್ಲಿ, ನಕ್ಷತ್ರಗಳ ನಡುವೆ.

"ನೀನೂ ಬಾ ಅಜ್ಜಿ" ಎಂದರು. ಉಪ್ಪಿನಕಾಯಿಗೆ ಮಾವಿನಕಾಯಿ ಹೆಚ್ಚುತ್ತಿದ್ದವಳು ಕೈ ಒರೆಸಿಕೊಂಡು ಕೂತೆ. ಹದಿನೆಂಟಕ್ಕೆ ಕೆಲಸಕ್ಕೆ ಸೇರಬೇಕು. ನಾಲ್ಕು ವರ್ಷಕ್ಕೊಮ್ಮೆ ಬದುಕಿದೆವೋ ಇಲ್ಲವೋ ಎಂದು ದಾಳ ಎಸೆಯಬೇಕು. ದಾಳ ಕೆಟ್ಟರೆ ಆಟ ಶುರುವಾಗುವ ಮೊದಲೇ ಸಾವು! ಚಿಕ್ಕ ಮೊಮ್ಮಗಳು ಎರಡು ಸಲ ಸತ್ತು, ಅತ್ತು, ಮೂರನೇ ಸಲ ಉಳಿದುಕೊಂಡಳು. ನಾನು ವ್ಯಾಪಾರಿ ಹಡಗಿನ ಒಡತಿಯಾದೆ.

ಕಥೆಯಲ್ಲಿ ಮೊಮ್ಮಗಳ ತಂದೆಗೆ ಬೇರೊಂದು ಲೋಕದಲ್ಲಿ ಕಾಯಿಲೆ. "ಫೋನ್ ಮಾಡಿ ಕೇಳಿದರಾಯಿತು" ಎಂದಳು. "ನಕ್ಷತ್ರದಿಂದ ನಕ್ಷತ್ರಕ್ಕೆ ಫೋನ್ ಇಲ್ಲ. ಸುದ್ದಿ ಹಡಗಿನಲ್ಲೇ ಹೋಗಬೇಕು. ಒಂದು ಜಿಗಿತಕ್ಕೆ ಒಂದು ವಾರ" ಎಂದ ಅಣ್ಣ. ಹಡಗು ಕಟ್ಟಲು ಬರುತ್ತೆ, ಫೋನ್ ಮಾಡಲು ಬರಲ್ಲವೇ ಎಂದು ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ನನ್ನ ತವರು ಹೊಳೆನರಸೀಪುರ. ಕೊಟ್ಟದ್ದು ಅರಕಲಗೂಡು ತಾಲ್ಲೂಕಿನ ಒಂದು ಹಳ್ಳಿಗೆ. ಎಷ್ಟು ಮಹಾ ದೂರ! 1976ರಲ್ಲಿ ಒಂದು ಬೆಳಿಗ್ಗೆ ಅಪ್ಪ ತೀರಿಕೊಂಡರು. ಎರಡೂ ಮನೆಯಲ್ಲಿ ಫೋನಿಲ್ಲ. ತಮ್ಮ ಚೀಟಿ ಬರೆದು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಅರಕಲಗೂಡಿನ ಗುರುತಿನ ಅಂಗಡಿಗೆ ಕಳಿಸಿದ. ಅಂಗಡಿ ಅಂದು ಬಾಗಿಲು ಹಾಕಿತ್ತು. ಚೀಟಿ ನನ್ನ ಕೈಸೇರಿದ್ದು ಮಾರನೆಯ ದಿನ ಸಂಜೆ. ನಾನು ಹೋಗಿ ಇಳಿಯುವಷ್ಟರಲ್ಲಿ ಹೇಮಾವತಿ ದಂಡೆಯಲ್ಲಿ ಬೂದಿ ಆರಿತ್ತು.

ಅಪ್ಪ ಹೋದ ರಾತ್ರಿ ನಾನು ಪಕ್ಕದ ಮನೆಯಲ್ಲಿ ಹೋಳಿಗೆ ಊಟ ಮಾಡಿದ್ದೆ. ಹಾಡು ಹೇಳಿದ್ದೆ. ಇದನ್ನು ಬಹಳ ವರ್ಷ ಯಾರಿಗೂ ಹೇಳಲಿಲ್ಲ. ಅಪ್ಪ ಇಲ್ಲವಾದ ಮೇಲೂ ನನ್ನ ಪಾಲಿಗೆ ಒಂದೂವರೆ ದಿನ ಬದುಕಿದ್ದರು. ಅದು ಸುಖವೋ ಮೋಸವೋ ಇಂದಿಗೂ ತಿಳಿಯದು.

ಅದಾದ ಆರೇ ವರ್ಷಕ್ಕೆ, 1982ರಲ್ಲಿ, ನಮ್ಮ ಹಾಸನದಲ್ಲೇ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಬಂತು. ಮೂವತ್ತಾರು ಸಾವಿರ ಕಿಲೋಮೀಟರ್ ಮೇಲಿರುವ ಉಪಗ್ರಹಕ್ಕೆ ಅಲ್ಲಿಂದ ಮಾತು ತಲುಪಲು ರೆಪ್ಪೆ ಬಡಿಯುವಷ್ಟು ಹೊತ್ತೂ ಬೇಡ. ಹಾಸನಕ್ಕೆ ಹೋದಾಗಲೆಲ್ಲ ನನಗೆ ಆ ಚೀಟಿ ನೆನಪಾಗುತ್ತದೆ.

"ಅಜ್ಜಿ, ನಿನ್ನ ಸರದಿ. ಕಳ್ಳರ ಹಡಗನ್ನು ಅಟ್ಟಿಸಿಕೊಂಡು ಹೋಗೋಣವಾ?"

"ಇವಳ ಅಪ್ಪ ಇರುವ ಊರಿಗೆ ಟಪಾಲು ಚೀಲ ಇದೆಯೇನೋ?"

"ಇದೆ."

"ಹಾಗಾದರೆ ಕಳ್ಳರು ಆಮೇಲೆ. ಮೊದಲು ಇವಳನ್ನು ಅಲ್ಲಿಗೆ ಮುಟ್ಟಿಸೋಣ."

ಹುಡುಗರು ಮುಖ ಸಪ್ಪಗೆ ಮಾಡಿದರು. ಮೊಮ್ಮಗಳು ಮಾತ್ರ ಹತ್ತಿರ ಸರಿದು ನನ್ನ ಸೆರಗು ಹಿಡಿದುಕೊಂಡಳು. ನಾನು ದಾಳ ಎಸೆದೆ.