ಪಾದ್ರಿ ದೊಡ್ಡಪ್ಪ ಮತ್ತು ಜಾತಿ ಕಾಲಂ

ನುಗ್ಗೇಹಳ್ಳಿಗೆ ಹೊರಗಿನೋರು ಬರೋದು 1246ರ ಲಕ್ಷ್ಮೀನರಸಿಂಹ ದೇವಸ್ಥಾನದ ಕೆತ್ತನೆ ನೋಡೋಕೆ. ನಾನು ತಿಂಗಳಿಗೊಂದು ಭಾನುವಾರ ಆ ಕಡೆ ಬಸ್ಸು ಹತ್ತೋದು ನಮ್ಮ ದೊಡ್ಡಪ್ಪನ್ನ ನೋಡೋಕೆ. ಅದೇ ಹೋಬಳಿಯ ನಮ್ಮೂರ ಕೇರೀಲಿ, ತಾತನ ಜನತಾ ಮನೆ ಕೆಡವಿ ಕಟ್ಟಿದ ಎರಡು ರೂಮು ಅವರದು. ದೊಡ್ಡಪ್ಪ ನಿವೃತ್ತ ಪಾದ್ರಿ. ಕೇರಿಯೋರು ಪಾದ್ರಣ್ಣ ಅಂತಾರೆ.

ಜೈಭೀಮ್ ಅನ್ನೋನ ಮನೇಲಿ ಪಾದ್ರಿ ಎಲ್ಲಿಂದ ಬಂದ್ರು ಅಂತ ಗೆಳೆಯರು ಕೇಳಿದ್ದಿದೆ. ಉತ್ತರ ಸುಲಭ, ಹಸಿವಿಂದ. ತಾತನ ಕೈಲಿ ಇಬ್ಬರು ಗಂಡುಮಕ್ಕಳನ್ನ ಸಾಕೋಕೆ ಆಗಲಿಲ್ಲ. ದೊಡ್ಡೋನು ಮಿಷನ್ ಹಾಸ್ಟೆಲ್ ಸೇರಿದ. ಚಿಕ್ಕೋನು, ಅಂದ್ರೆ ನಮ್ಮಪ್ಪ, ಜೀತಕ್ಕೆ ಹೋದ. 1976ರಲ್ಲಿ ಜೀತ ರದ್ದತಿ ಕಾಯ್ದೆ ಬಂದಮೇಲೂ ಅಪ್ಪನಿಗೆ ಬಿಡುಗಡೆ ಸಿಗೋಕೆ ಕೆಲವು ವರ್ಷ ಹಿಡೀತು. ಹಾಸ್ಟೆಲ್ಲಿನ ದೊಡ್ಡೋನು ಹತ್ತೊಂಬತ್ತಕ್ಕೆ ದೀಕ್ಷಾಸ್ನಾನ ತಗೊಂಡ. ಊಟಕ್ಕೋಸ್ಕರ ಧರ್ಮ ಬಿಟ್ಟ ಅಂತ ಊರು ಆಡ್ಕೊಂಡಿತು. ದೊಡ್ಡಪ್ಪ ಅದನ್ನ ಇವತ್ತೂ ಅಲ್ಲಗಳೆಯಲ್ಲ. "ಊಟಕ್ಕೇ ಹೋದೆ ಕಣ್ಲಾ. ನಂಬಿಕೆ ಆಮೇಲೆ ಬಂತು. ಬಂದಮೇಲೆ ಹೋಗ್ಲಿಲ್ಲ" ಅಂತಾರೆ.

36 ವರ್ಷ ಸೇವೆ, ಒಂಬತ್ತು ಊರು. ಎಲ್ಲಾ ಕಡೆ ಸಭೆಯವರು ಕೊಟ್ಟ ಮನೆ. ದೊಡ್ಡಮ್ಮ ಹೋದಕಡೆಯೆಲ್ಲ ಹಿತ್ತಲಲ್ಲಿ ತೆಂಗಿನ ಸಸಿ ನೆಟ್ಟರು. ಫಲ ಬರೋ ಹೊತ್ತಿಗೆ ವರ್ಗ. ಒಂಬತ್ತು ಮನೇಲಿ ನೆಟ್ಟ ಮರದಿಂದ ಒಂದು ಎಳನೀರೂ ಕುಡಿದಿಲ್ಲ. ನಿವೃತ್ತಿ ದಿನ ಹಾರ, ಶಾಲು, ಒಂದು ಗೋಡೆ ಗಡಿಯಾರ ಕೊಟ್ಟರಂತೆ. ತಿಂಗಳೊಳಗೆ ಮನೆ ಖಾಲಿ ಮಾಡಬೇಕಿತ್ತು. ಹೋಗೋದೆಲ್ಲಿಗೆ ಅಂತ ಗಂಡ ಹೆಂಡತಿ ಮಾತಾಡಿದ್ದೇ ಅವತ್ತು. ಕೇರೀಲಿ ಬಂದು ಮನೆ ಕಟ್ಟಿದ್ದು ಪಿಎಫ್ ದುಡ್ಡಲ್ಲಿ. ಈಗ ಬಾಗಿಲ ಮುಂದೆ ಹತ್ತನೇ ಸಸಿ ಇದೆ.

ಕೇರೀಲಿ ಚರ್ಚಿಲ್ಲ. ಮೊದಲ ಆರು ತಿಂಗಳು ಶನಿವಾರ ರಾತ್ರಿ ಕೂತು ಪ್ರಸಂಗ ಬರೀತಿದ್ರಂತೆ, ಓದೋಕೆ ಯಾರೂ ಇಲ್ಲದಿದ್ರೂ. ಈಗ ಅದೇ ನೋಟ್‌ಬುಕ್ಕಲ್ಲಿ ಸಂಧ್ಯಾ ಸುರಕ್ಷಾ ಪಿಂಚಣಿಗೆ, ರೇಷನ್ ಕಾರ್ಡಿಗೆ ಅರ್ಜಿ ಬರೀತಾರೆ. ಜಗಲಿ ತುಂಬ ಮುದುಕೀರು. "ಅರ್ಜೀನೂ ಪ್ರಾರ್ಥನೆ ಹಂಗೇ ಮಗ. ಮೇಲಿಂದ ಉತ್ತರ ಬರೋದು ತಡ." ಗುಮಾಸ್ತನಾಗಿ ನಾನು ಇದಕ್ಕೆ ಏನೂ ಹೇಳೋ ಹಂಗಿಲ್ಲ.

ಹೋದವರ್ಷ ಒಂದು ಮಾತು ಹೇಳಿದ್ರು. ಒಂದು ಪಟ್ಟಣದ ಸಭೇಲಿ, ಪ್ರಭು ಭೋಜನದ ಪಾತ್ರೆ ಇವರ ಕೈಲಿದ್ದ ಭಾನುವಾರ ಒಂದು ಮನೆತನ ಎದ್ದು ಬರ್ತಿರಲಿಲ್ಲ. ಬೇರೆ ಪಾದ್ರಿ ಬಂದ ದಿನ ಬರೋರು. ಮೂರು ವರ್ಷ ಹಾಗೇ ನಡೀತು. ಮನೇಲಿ ಯಾರಿಗೂ ಹೇಳಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ದೊಡ್ಡಮ್ಮ "ನಂಗೊತ್ತಿತ್ತು" ಅಂದ್ರು. ಅಷ್ಟೇ ಅಂದಿದ್ದು.

ಈಗ ನನ್ನ ವಿಷಯ. ದೊಡ್ಡಪ್ಪನ ಮಗ ನನಗಿಂತ ಒಂದು ವರ್ಷಕ್ಕೆ ಚಿಕ್ಕೋನು. ಇಬ್ಬರೂ ಒಂದೇ ಗುಮಾಸ್ತರ ಹುದ್ದೆಗೆ ಅರ್ಜಿ ಹಾಕಿದ್ವಿ. ಅವನ ಅಂಕ ನನಗಿಂತ ಜಾಸ್ತಿ. ನಂದು ಎಸ್‌ಸಿ, ಅವನದು ಪ್ರವರ್ಗ-1, ಯಾಕಂದ್ರೆ ಕರ್ನಾಟಕದಲ್ಲಿ ಕ್ರೈಸ್ತರಾದ ಪರಿಶಿಷ್ಟರು ಅಲ್ಲಿಗೆ ಸೇರ್ತಾರೆ. ನನಗೆ ಕೆಲಸ ಸಿಕ್ತು. ಒಂದೇ ತಾತ, ಒಂದೇ ಕೇರಿ. ಅವತ್ತು ಅವನು ಅವರಪ್ಪನಿಗೆ ಹೇಳಿದ್ದು ನನ್ನ ಕಿವೀಲಿ ಇನ್ನೂ ಇದೆ: "ಯೇಸು ಜಾತಿ ತೆಗೆದ ಅಂತ ನೀವು ಹೇಳಿದ್ರಿ. ಸರ್ಕಾರ ಒಂದೇ ಅದನ್ನ ನಂಬಿದ್ದು."

ಕಾರಣ 1950ರ ಆಗಸ್ಟ್ 10ರ ರಾಷ್ಟ್ರಪತಿ ಆದೇಶ. ಅದರ ಮೂರನೇ ಪ್ಯಾರಾ ಪ್ರಕಾರ ಹಿಂದೂ ಆಗಿದ್ರೆ ಮಾತ್ರ ಪರಿಶಿಷ್ಟ ಜಾತಿ. 1956ರಲ್ಲಿ ಸಿಖ್ಖರನ್ನ, 1990ರಲ್ಲಿ ಬೌದ್ಧರನ್ನ ಸೇರಿಸಿದ್ರು. ನಾಳೆ ನಾನು ಬುದ್ಧನ ಹಾದಿ ಹಿಡಿದ್ರೆ ನನ್ನ ಸರ್ಟಿಫಿಕೇಟು ಭದ್ರ. ರಂಗನಾಥ ಮಿಶ್ರಾ ಆಯೋಗ ಆ ಪ್ಯಾರಾ ತೆಗೀರಿ ಅಂತ 2007ರಲ್ಲೇ ವರದಿ ಕೊಟ್ಟಿತು. 2022ರಲ್ಲಿ ಬಾಲಕೃಷ್ಣನ್ ಆಯೋಗ ಅಂತ ಇನ್ನೊಂದು ಮಾಡಿದ್ರು. 2025ರಲ್ಲಿ ಆಂಧ್ರ ಹೈಕೋರ್ಟು, ಜಾತಿ ಹಿಡಿದು ಬೈದು ಹೊಡೆದರು ಅಂತ ದೂರು ಕೊಟ್ಟಿದ್ದ ಒಬ್ಬ ಪಾಸ್ಟರಿಗೆ, ಮತಾಂತರ ಆದಮೇಲೆ ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆ ಇಲ್ಲ ಅಂದಿತು. ನಮ್ಮದೇ ಸಭೆಗಳಲ್ಲಿ ಈ ವಿಷಯ ಬಂದಾಗ "ನಮ್ಮ ಪಾಲು ಕಮ್ಮಿ ಆಗುತ್ತೆ" ಅಂತ ಯಾರೋ ಒಬ್ಬರು ಅಂತಾರೆ. ನಾನು ಅಂಥ ಸಭೇಲಿ ಕೂತಿದ್ದೀನಿ. ಬಾಯಿ ಬಿಟ್ಟಿಲ್ಲ. ಇದನ್ನ ಒಪ್ಕೊಳ್ಳೋಕೇ ಈ ಪೋಸ್ಟು ಬರೀತಿರೋದು.

ಮೊನ್ನೆ ದಸರಾ ರಜೇಲಿ ಹೋದಾಗ ಸಮೀಕ್ಷೆಯ ಮೇಡಂ ಫೋನ್ ಹಿಡ್ಕೊಂಡು ಬಂದ್ರು. ಜಾತಿ ಹೆಸರಿಗೆ ಕ್ರಿಶ್ಚಿಯನ್ ಅಂತ ಸೇರಿದ್ದ 33 ಹೆಸರನ್ನ ಆಯೋಗ ಆ್ಯಪಲ್ಲಿ ಮರೆಮಾಡಿದ ಗಲಾಟೆ ಆಗತಾನೆ ನಡೆದಿತ್ತು. ಧರ್ಮ? ಕ್ರೈಸ್ತ. ಜಾತಿ? ದೊಡ್ಡಪ್ಪ ಸುಮ್ಮನಾದ್ರು. ಒಳಗೆ ದೊಡ್ಡಮ್ಮನ ಪಾತ್ರೆ ಸದ್ದೂ ನಿಂತಿತು. 36 ವರ್ಷ ಇಲ್ಲ ಇಲ್ಲ ಅಂತ ಸಾರಿದ್ದನ್ನ ಈಗ ಬಾಯಿಬಿಟ್ಟು ಹೇಳಬೇಕಿತ್ತು. ನನ್ನ ಕಡೆ ತಿರುಗಿದ್ರು.

"ನಿನ್ನ ಸರ್ಟಿಫಿಕೇಟಲ್ಲಿ ಏನಂತ ಬರ್ದವ್ರೆ?"

"ಆದಿ ಕರ್ನಾಟಕ, ದೊಡ್ಡಪ್ಪ."

"ಅದನ್ನೇ ಬರ್ಕೊಳ್ಳಮ್ಮ."

"ಎರಡೂ ಹೆಂಗೆ ಸಾರ್?"

"ಒಂದು ನಾನಾಗಿ ತಗೊಂಡಿದ್ದು. ಇನ್ನೊಂದನ್ನ ಯಾರೂ ವಾಪಸ್ ತಗೊಳ್ಳಲಿಲ್ಲ."

ಮೇಡಂ ಒತ್ತಿಕೊಂಡ್ರು. ಮುಂದಿನ ಪ್ರಶ್ನೆ ಕಸುಬು. ನಿವೃತ್ತ ಅಂದ್ರು. "ಯಾವ ಇಲಾಖೆ ಸಾರ್?" ಅಂತ ಆ ಹುಡುಗಿ ಪಾಪ ನಿಜವಾಗ್ಲೂ ಕೇಳಿದ್ರು. ದೊಡ್ಡಪ್ಪ ಅಷ್ಟು ಜೋರಾಗಿ ನಕ್ಕಿದ್ದನ್ನ ನಾನು ನೋಡಿರಲಿಲ್ಲ.

ಹೊರಡುವಾಗ ತಾಲ್ಲೂಕು ಆಫೀಸಿಗೆ ಕೊಡು ಅಂತ ಮೂರು ಅರ್ಜಿ ಕೊಟ್ರು. ಬೆಂಗಳೂರಲ್ಲಿ ಮಗನ ಮನೆಗೆ ಸಮೀಕ್ಷೆಯೋರು ಇನ್ನೂ ಬಂದಿರಲಿಲ್ಲ. "ಏನ್ ಬರೆಸ್ಬೇಕು ಅಂತ ಅವ್ನಿಗೊಂದು ಫೋನ್ ಮಾಡ್ಲಾ" ಅಂದ್ರು. ಎರಡು ಹೆಜ್ಜೆ ಇಟ್ಟಿದ್ದೆ. "ಬ್ಯಾಡ, ಇರು, ನಾನೇ ಮಾಡ್ತೀನಿ" ಅಂದು ಕನ್ನಡಕ ಹುಡುಕೋಕೆ ಒಳಗೆ ಹೋದ್ರು. ಬಸ್ಸಿಗೆ ಹೊತ್ತಾಗಿತ್ತು, ನಾನು ಹೊರಟೆ.